ಜಾಮಿಟ್ರಿ ಬಾಕ್ಸಿನಲ್ಲಿ 19 ಅರ್ಧ ಮಾತ್ರೆಗಳು

ಕಳೆದ ವರ್ಷ ಆಷಾಢದ ಒಂದು ಭಾನುವಾರ. ಮಗನ ಸ್ಕೂಲ್ ಬ್ಯಾಗ್ ಒಗೆಯೋಣ ಅಂತ ಒಳಗಿದ್ದದ್ದನ್ನೆಲ್ಲ ಹೊರಗೆ ಸುರಿದೆ. ಜಾಮಿಟ್ರಿ ಬಾಕ್ಸ್ ಬಿದ್ದು ತೆರೆದುಕೊಂಡಿತು. ಕೋನಮಾಪಕದ ಕೆಳಗೆ ನೋಟ್‌ಬುಕ್ ಹಾಳೆಯಲ್ಲಿ ಸುತ್ತಿದ ಒಂದು ಪುಟ್ಟ ಪೊಟ್ಟಣ ಇತ್ತು. ಬಿಚ್ಚಿದರೆ ಅರ್ಧ ಮಾತ್ರೆಗಳು. ಬ್ಲೇಡಿನಲ್ಲಿ ಕತ್ತರಿಸಿದ್ದು ನಾನೇ, ಆ ಸೊಟ್ಟ ಅಂಚು ನೋಡಿದ ಕೂಡಲೇ ಗೊತ್ತಾಯಿತು. ಎಣಿಸಿದೆ. 19 ಇದ್ದವು.

ಅವನಿಗೆ ಆಗ 12 ವರ್ಷ. ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ, ಇದೆ ಅಂತ ಗೊತ್ತಾಗಿದ್ದು 8ನೇ ವಯಸ್ಸಿನಲ್ಲಿ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಮಾತ್ರೆ, ಮಧ್ಯಾಹ್ನ ಸ್ಕೂಲಿನಲ್ಲಿ ಅರ್ಧ. ಬೆಳಗಿನದನ್ನು ನಾನು ಎದುರಿಗೆ ನಿಂತು ಕೊಡುತ್ತಿದ್ದೆ. ಮಧ್ಯಾಹ್ನದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟು ಕಳಿಸುತ್ತಿದ್ದೆ, ಸಂಜೆ ಬಂದಾಗ "ತಗೊಂಡ್ಯಾ?" ಅಂತ ಕೇಳುತ್ತಿದ್ದೆ, ಅವನು "ಹೂಂ" ಅನ್ನುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಇದಾಗುವ ಎರಡು ವಾರ ಮೊದಲಷ್ಟೇ ಆಸ್ಪತ್ರೆಯಲ್ಲಿ ಒಂದು ಫಾರ್ಮ್ ಕೊಟ್ಟಿದ್ದರು. ಸೇವೆ ಹೇಗಿದೆ, ಡಾಕ್ಟರು ಚೆನ್ನಾಗಿ ಮಾತಾಡಿದರಾ, ಮತ್ತೆ ಬರುತ್ತೀರಾ ಅಂತೆಲ್ಲ. ನಾನು ಎಲ್ಲದಕ್ಕೂ "ತುಂಬಾ ತೃಪ್ತಿ" ಅಂತ ಟಿಕ್ ಹಾಕಿದ್ದೆ. ಮಾತ್ರೆ ಸರಿಯಾಗಿ ಕೊಡ್ತಿದ್ದೀರಾ ಅಂತ ಡಾಕ್ಟರು ಕೇಳಿದಾಗ "ಒಂದು ದಿನಾನೂ ತಪ್ಪಿಸಿಲ್ಲ ಸರ್" ಅಂದಿದ್ದೆ. ಎರಡನ್ನೂ ಮನಸಾರೆ ಹೇಳಿದ್ದೆ.

ಅಂದರೆ ಆಸ್ಪತ್ರೆಯ ದಾಖಲೆಯಲ್ಲಿ ನಾವು ಅತ್ಯುತ್ತಮ ಕುಟುಂಬ. ಮಾತ್ರೆ ತಪ್ಪಿಲ್ಲ, ತೃಪ್ತಿ ಪೂರ್ತಿ. ಅತ್ತ ಜಾಮಿಟ್ರಿ ಬಾಕ್ಸಿನಲ್ಲಿ ಮಾತ್ರೆ ಸೇರುತ್ತಾ ಇತ್ತು. ಇದು ನಮ್ಮನೆಯ ಕಥೆ ಮಾತ್ರ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಂತೆ, ಮಕ್ಕಳ ಮಾನಸಿಕ ಚಿಕಿತ್ಸೆಯ ದೊಡ್ಡ ತೂತು ಇರುವುದೇ ಇಲ್ಲಿ ಅನ್ನುವುದು ಅರ್ಥವಾಯಿತು. ಮಾತ್ರೆ ನುಂಗುವುದು ಮಗು, ಉತ್ತರ ಹೇಳುವುದು ಅಪ್ಪ ಅಮ್ಮ. ಅಳತೆ ಮಾಡುವವರು ಮಗುವನ್ನು ಕೇಳುವುದು ಬಹಳ ಕಡಿಮೆ.

ಅಳತೆ ಅಂದೆನಲ್ಲ, ಅದು ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ಚಿಕಿತ್ಸೆಯಲ್ಲಿ ತೃಪ್ತಿ ಎಷ್ಟಿದೆ ಅಂತ ನೋಡಲು 1979ರಲ್ಲಿ ಬಂದ 8 ಪ್ರಶ್ನೆಗಳ ಒಂದು ಪ್ರಶ್ನಾವಳಿಯನ್ನು ಇವತ್ತಿಗೂ ಬೇರೆ ಬೇರೆ ದೇಶಗಳಲ್ಲಿ ಬಳಸುತ್ತಾರೆ. ಅಂಕ 8ರಿಂದ 32ರವರೆಗೆ. ಸೇವೆಯ ಗುಣಮಟ್ಟ ಹೇಗಿತ್ತು, ಬೇಕಾದ ಸಹಾಯ ಸಿಕ್ಕಿತಾ, ಸ್ನೇಹಿತರಿಗೆ ಈ ಜಾಗ ಹೇಳುತ್ತೀರಾ, ಹೀಗೆ. ಮಾತ್ರೆಯ ಬಗ್ಗೆ ಅದರಲ್ಲಿ ಒಂದು ಪ್ರಶ್ನೆಯೂ ಇಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ ಅಂತ ತಿಳಿಯಲು 2000ದಲ್ಲಿ ಬಂದ, 10 ಪ್ರಶ್ನೆಗಳ ಬೇರೊಂದು ಪಟ್ಟಿ ಇದೆ. ಮರೆಯುತ್ತೀರಾ, ಆರಾಮ ಅನಿಸಿದಾಗ ನಿಲ್ಲಿಸುತ್ತೀರಾ ಅನ್ನುವುದರ ಜೊತೆಗೆ, ಮಾತ್ರೆ ತಿಂದಾಗ ಜೀವವಿಲ್ಲದ ಬೊಂಬೆಯ ಹಾಗೆ ವಿಚಿತ್ರ ಅನಿಸುತ್ತದಾ ಅನ್ನುವ ಅರ್ಥದ ಪ್ರಶ್ನೆಯೂ ಅದರಲ್ಲಿದೆ. ನನಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು. ಆದರೆ ಆ ಪಟ್ಟಿ ಮಾಡಿದ್ದು ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ಮನೋರೋಗ, ಇರುವ ದೊಡ್ಡವರಿಗಾಗಿ. ತನ್ನ ಮಾತ್ರೆಯನ್ನು ತಾನೇ ತಗೊಳ್ಳುವ ಮನುಷ್ಯನಿಗೆ ಕೇಳುವ ಪ್ರಶ್ನೆಗಳು ಅವು. 8 ವರ್ಷದ ಮಗುವಿನ ವಿಷಯದಲ್ಲಿ ಬರೆದುಕೊಡುವವರು ಒಬ್ಬರು, ತರುವವರು ಒಬ್ಬರು, ಬಾಯಿಗೆ ಹಾಕುವವರು ಒಬ್ಬರು, ನುಂಗುವುದು ಇನ್ನೊಬ್ಬರು. ಈ ಸರಪಳಿಯಲ್ಲಿ ಯಾವ ಕೊಂಡಿ ಬಿಟ್ಟಿತು ಅಂತ ಒಬ್ಬರನ್ನೇ ಕೇಳಿದರೆ ಹೇಗೆ ಗೊತ್ತಾಗಬೇಕು?

ದೀರ್ಘಕಾಲದ ಕಾಯಿಲೆಗಳಿಗೆ ಔಷಧ ತೆಗೆದುಕೊಳ್ಳುವವರಲ್ಲಿ, ಶ್ರೀಮಂತ ದೇಶಗಳಲ್ಲೂ, ಹೇಳಿದ ಹಾಗೆ ತೆಗೆದುಕೊಳ್ಳುವವರು ಸರಾಸರಿ ಅರ್ಧದಷ್ಟು ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಬಿಪಿ, ಸಕ್ಕರೆ ಕಾಯಿಲೆ ಎಲ್ಲ ಸೇರಿ. ಮಕ್ಕಳ ಬಗ್ಗೆ ನನ್ನ ಕಣ್ಣು ತೆರೆಸಿದ್ದು ಬೇರೆ ಒಂದು ಅಧ್ಯಯನ. ಅಮೆರಿಕ ಮತ್ತು ಕೆನಡಾದಲ್ಲಿ ಎಡಿಎಚ್‌ಡಿ ಇರುವ, 7ರಿಂದ 9 ವರ್ಷದ 579 ಮಕ್ಕಳನ್ನು 14 ತಿಂಗಳ ಕಾಲ ನೋಡಿಕೊಂಡ ದೊಡ್ಡ ಅಧ್ಯಯನ ಅದು, ಎಂಟಿಎ ಅಂತ ಕರೆಯುತ್ತಾರೆ, ಮೊದಲ ಫಲಿತಾಂಶ ಬಂದಿದ್ದು 1999ರಲ್ಲಿ. ಅದರಲ್ಲಿ ಮಾತ್ರೆ ತಿನ್ನುತ್ತಿದ್ದ ಮಕ್ಕಳ ಎಂಜಲನ್ನು ಆಗಾಗ ತೆಗೆದು, ಔಷಧ ಮೈಯಲ್ಲಿ ಇದೆಯಾ ಅಂತ ಪರೀಕ್ಷೆ ಮಾಡಿದ್ದರು. ಅದರ ಲೆಕ್ಕ 2009ರಲ್ಲಿ ಪ್ರಕಟವಾಯಿತು. ಸುಮಾರು ಶೇ. 24.5ರಷ್ಟು ಎಂಜಲು ಪರೀಕ್ಷೆಗಳು ಮಾತ್ರೆ ಸರಿಯಾಗಿ ಹೋಗಿಲ್ಲ ಅಂತ ತೋರಿಸಿದವು. ಪರೀಕ್ಷೆ ಮಾಡಿದ ಪ್ರತಿ ಸಲವೂ ಔಷಧ ಸರಿಯಾಗಿ ಸಿಕ್ಕಿದ್ದು ಶೇ. 53.5ರಷ್ಟು ಮಕ್ಕಳಲ್ಲಿ ಮಾತ್ರ. ಅಪ್ಪ ಅಮ್ಮಂದಿರನ್ನು ಬಾಯಿಮಾತಿನಲ್ಲಿ ಕೇಳಿದಾಗ ಹೆಚ್ಚುಕಡಿಮೆ ಎಲ್ಲರೂ ಕೊಟ್ಟಿದ್ದೇವೆ ಅಂದಿದ್ದರು.

ಆ ತಂದೆ ತಾಯಂದಿರು ಸುಳ್ಳು ಹೇಳಿದರು ಅಂತ ನನಗೆ ಅನಿಸುವುದಿಲ್ಲ. ನಾನೂ ಸುಳ್ಳು ಹೇಳಿರಲಿಲ್ಲ. ಕೊಟ್ಟಿದ್ದು ನಿಜ. ಹೊಟ್ಟೆಗೆ ಹೋಗಿರಲಿಲ್ಲ ಅಷ್ಟೆ.

ಇಲ್ಲಿ ಒಂದು ದೊಡ್ಡ ಅಪಾಯ ಇದೆ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮಗು ಮಾತ್ರೆ ತಿನ್ನುತ್ತಿಲ್ಲ, ಆದರೆ ತಿನ್ನುತ್ತಿದೆ ಅಂತ ದಾಖಲೆಯಲ್ಲಿದೆ. ಲಕ್ಷಣ ಕಡಿಮೆಯಾಗಿಲ್ಲ. ಡಾಕ್ಟರು ಏನು ಮಾಡುತ್ತಾರೆ? ಡೋಸ್ ಏರಿಸುತ್ತಾರೆ, ಇಲ್ಲವೇ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಅವರ ಕಡೆಯಿಂದ ನೋಡಿದರೆ ಅದು ಸರಿಯೇ. ಆಮೇಲೆ ಯಾವತ್ತೋ ಒಂದು ವಾರ ಅಜ್ಜಿ ಕಟ್ಟುನಿಟ್ಟಾಗಿ ಕೂತು ಪೂರ್ತಿ ಡೋಸ್ ನುಂಗಿಸಿದರೆ, ಮಗು ತೂಕಡಿಸುತ್ತಾ ಮೂಲೆ ಸೇರುತ್ತದೆ. ಆಗ ಮನೆಯವರೆಲ್ಲ "ನೋಡಿದ್ರಾ, ಈ ಮಾತ್ರೆ ಮಗೂನ ಮಂಕು ಮಾಡುತ್ತೆ" ಅಂತ ತೀರ್ಮಾನಿಸಿ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುತ್ತಾರೆ. ಕೆಲವು ಔಷಧಗಳನ್ನು ಹಾಗೆ ಒಮ್ಮೆಲೇ ನಿಲ್ಲಿಸುವುದು ಒಳ್ಳೆಯದಲ್ಲ. ಸೋಡಿಯಂ ವಾಲ್‌ಪ್ರೊಯೇಟ್ ತೆಗೆದುಕೊಳ್ಳುವ, ಫಿಟ್ಸ್ ಕೂಡ ಇರುವ ಮಗುವಿಗಂತೂ ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು.

ಮಕ್ಕಳು ಯಾಕೆ ನುಂಗುವುದಿಲ್ಲ, ನಾವು ಯಾಕೆ ನಿಲ್ಲಿಸುತ್ತೇವೆ? "ಅರಿವಿನ ಕೊರತೆ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದು ಅನ್ಯಾಯ. ಹೆಚ್ಚಿನ ಸಲ ಕಾರಣ ಕಣ್ಣಿಗೆ ಕಾಣುವಂಥದ್ದೇ ಇರುತ್ತದೆ. ನಮ್ಮ ಹಾಗೆ ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ಅನ್ನುವ ಮಾತ್ರೆ ಕೊಡುವ ಮನೆಗಳಲ್ಲಿ ಆ ಕಾರಣ ಊಟದ ಡಬ್ಬಿ. ಈ ಔಷಧ ಹಸಿವನ್ನು ಕುಗ್ಗಿಸುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ ಚಿತ್ರಾನ್ನ ಸಂಜೆ ಹಾಗೇ ವಾಪಸ್ ಬರುತ್ತದೆ, ನಿಂಬೆಹಣ್ಣಿನ ಬೀಜ ಕೂಡ ಇಟ್ಟಲ್ಲೇ ಇರುತ್ತದೆ. ಗಣಿತದಲ್ಲಿ ನಾಲ್ಕು ಅಂಕ ಜಾಸ್ತಿ ಬಂದಿದ್ದು ತಾಯಿಯ ಕಣ್ಣಿಗೆ ಆಗ ಕಾಣುವುದಿಲ್ಲ, ತುಂಬಿದ ಡಬ್ಬಿ ಕಾಣುತ್ತದೆ. ನಮ್ಮಲ್ಲಿ ಮಗು ಚೆನ್ನಾಗಿದೆ ಅಂದರೆ ಚೆನ್ನಾಗಿ ಉಣ್ಣುತ್ತಿದೆ ಅಂತಲೇ ಅರ್ಥ ಅಲ್ವಾ? ಮಾತ್ರೆಯನ್ನು ತಿಂಡಿ ಆದ ಮೇಲೆ ಕೊಡಿ, ಔಷಧದ ಪ್ರಭಾವ ಇಳಿದ ಮೇಲೆ ಸಂಜೆ ಹೊಟ್ಟೆ ತುಂಬ ಊಟ ಹಾಕಿ, ಎತ್ತರ ತೂಕ ಆಗಾಗ ನೋಡೋಣ ಅಂತ ಮೊದಲೇ ಹೇಳಿಬಿಟ್ಟರೆ ಎಷ್ಟೋ ಮನೆಗಳಲ್ಲಿ ಈ ಮಾತ್ರೆ ನಿಲ್ಲುವುದಿಲ್ಲ. ಹೇಳಲು ಎರಡು ನಿಮಿಷ ಸಾಕು.

ರಿಸ್ಪೆರಿಡೋನ್ ವಿಷಯ ಇದಕ್ಕೆ ಉಲ್ಟಾ. ಆಟಿಸಂ ಇರುವ ಮಕ್ಕಳಲ್ಲಿ ಜಾಸ್ತಿ ಸಿಟ್ಟು, ತಲೆ ಚಚ್ಚಿಕೊಳ್ಳುವುದು ಇದ್ದಾಗ ಇದನ್ನು ಕೊಡುತ್ತಾರೆ. ಹಸಿವು ಏರುತ್ತದೆ, ತೂಕ ಏರುತ್ತದೆ, ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ದಸರಾ ರಜೆಯ ಹೊತ್ತಿಗೆ ಹಿಡಿಯುತ್ತಿರುತ್ತದೆ. ಹದಿಹರೆಯದ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಮುಟ್ಟು ನಿಲ್ಲಬಹುದು, ಎದೆಯಿಂದ ಹಾಲಿನಂಥದ್ದು ಬರಬಹುದು. 14 ವರ್ಷದ ಹುಡುಗಿ ಇದನ್ನು ಅಪ್ಪನ ಪಕ್ಕ ಕೂತು ಡಾಕ್ಟರ ಹತ್ತಿರ ಹೇಳುತ್ತಾಳಾ? ಹೇಳುವುದಿಲ್ಲ. ಮಾತ್ರೆಯನ್ನು ಸುಮ್ನೆ ಸಿಂಕಿಗೆ ಹಾಕುತ್ತಾಳೆ. ಆಮೇಲೆ ಅವಳು "ಹಟಮಾರಿ" ಅನ್ನಿಸಿಕೊಳ್ಳುತ್ತಾಳೆ.

ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್‌ನದು ಮತ್ತೊಂದು ಥರ. ಗುಣ ಕಾಣಲು ಸಾಮಾನ್ಯವಾಗಿ ಕೆಲವು ವಾರ ಬೇಕು. ತೊಂದರೆ ಮಾತ್ರ ಮೊದಲ ವಾರದಲ್ಲೇ ಶುರುವಾಗಬಹುದು. ಹೊಟ್ಟೆ ತೊಳಸುವುದು, ಚಡಪಡಿಕೆ, ನಿದ್ದೆಗೇಡು. ಇಂಥ ಔಷಧ ಶುರು ಮಾಡಿದಾಗ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಸಾಯುವ ಯೋಚನೆ ಹೆಚ್ಚಬಹುದು, ಹತ್ತಿರದಿಂದ ಗಮನಿಸಿ ಅಂತ ಅಮೆರಿಕದ ಔಷಧ ಇಲಾಖೆ 2004ರಲ್ಲಿ ದೊಡ್ಡ ಎಚ್ಚರಿಕೆಯನ್ನೇ ಕೊಟ್ಟಿದೆ. ಅಂದರೆ ಮೊದಲ ಒಂದು ತಿಂಗಳು ಡಾಕ್ಟರು ಮತ್ತು ಮನೆಯವರು ವಾರ ವಾರ ಮಾತಾಡಬೇಕಾದ ಕಾಲ. ನಮ್ಮಲ್ಲಿ "ಒಂದು ತಿಂಗಳು ಬಿಟ್ಟು ಬನ್ನಿ" ಅಂತ ಚೀಟಿ ಬರೆದು ಕಳಿಸುತ್ತಾರೆ. ಆ ನಾಲ್ಕು ವಾರ ಮಗು ಮತ್ತು ಮನೆಯವರು ಇಬ್ಬರೇ. ಮಾತ್ರೆ ನಿಲ್ಲುವುದೂ ಹೆಚ್ಚಾಗಿ ಅಷ್ಟರೊಳಗೇ.

ಇನ್ನು ಅಂಗಡಿ. ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್ ಔಷಧ. ಅದನ್ನು ಮಾರಲು ಅಂಗಡಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ದುರುಪಯೋಗ ತಡೆಯಲು ಈ ನಿಯಮ ಬೇಕು, ನಾನು ಒಪ್ಪುತ್ತೇನೆ. ಆದರೆ ಪರಿಣಾಮ ನೋಡಿ. ಈ ರಗಳೆ ಯಾಕೆ ಅಂತ ಸಣ್ಣ ಊರಿನ ಮೆಡಿಕಲ್ ಶಾಪಿನವರು ಅದನ್ನು ಇಡುವುದೇ ಇಲ್ಲ. ಕೇಳಿದರೆ ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನಾನಿರುವ ತಾಲ್ಲೂಕಿನಲ್ಲಿ ಐದು ಅಂಗಡಿ ಸುತ್ತಿದ್ದೇನೆ, ಒಂದರಲ್ಲೂ ಇರಲಿಲ್ಲ. ಪ್ರತಿ ತಿಂಗಳು ಬೆಂಗಳೂರಿಗೆ ಹೋಗುವ ಯಾರನ್ನಾದರೂ ಹಿಡಿದು ತರಿಸಬೇಕು. ಆ ತಿಂಗಳು ಯಾರೂ ಹೋಗದಿದ್ದರೆ ಒಂದು ವಾರ ಮಾತ್ರೆ ಇಲ್ಲ. ಬೇರೆ ದಾರಿ ಇಲ್ಲವಾ ಅಂದರೆ ಇದೆ, ಅಟೊಮಾಕ್ಸೆಟಿನ್ ಶೆಡ್ಯೂಲ್ ಎಕ್ಸ್‌ನಲ್ಲಿ ಇಲ್ಲ. ಆದರೆ ಅದು ಪೂರ್ತಿ ಕೆಲಸ ಮಾಡಲು ವಾರಗಳೇ ಬೇಕು, ಮತ್ತು ಅದು ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ. ಅದರ ಕ್ಯಾಪ್ಸೂಲನ್ನು ಬಿಚ್ಚಿ ಬಾಳೆಹಣ್ಣಿನಲ್ಲಿ ಬೆರೆಸಿ ಕೊಡುವ ಹಾಗೂ ಇಲ್ಲ, ಪುಡಿ ಕಣ್ಣಿಗೆ ತಾಗಿದರೆ ಉರಿ. ದಿನಕ್ಕೊಂದೇ ಸಲ ಕೊಡುವ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳೂ ಇವೆ. ಅವನ್ನು ಜಜ್ಜಿ, ಪುಡಿ ಮಾಡಿ ಜೇನುತುಪ್ಪದಲ್ಲಿ ಕೊಟ್ಟರೆ ಇಡೀ ದಿನದ ಔಷಧ ಒಮ್ಮೆಲೇ ಒಳಗೆ ಹೋಗುತ್ತದೆ. ಮಾತ್ರೆ ನುಂಗಲು ಬಾರದ ಮಗುವಿಗೆ ಪುಡಿ ಮಾಡಿ ಕೊಡುವುದು ನಮ್ಮ ಮನೆಗಳಲ್ಲಿ ಮಾಮೂಲು. ಬೇಡ ಅಂತ ಹೇಳುವವರು ಯಾರು?

ಕಾನೂನು ಕೇಳಲು ಚೆನ್ನಾಗಿದೆ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ, ಎಲ್ಲ ಕಾಲಕ್ಕೂ ಸಿಗುವಂತೆ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಕರ್ನಾಟಕಕ್ಕೆ ಈ ವಿಷಯದಲ್ಲಿ ಒಳ್ಳೆಯ ಇತಿಹಾಸವೂ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ ಮುಂದೆ, 1996ರಲ್ಲಿ, ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಯಿತು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರುವ ಮನೋಚೈತನ್ಯ ಕಾರ್ಯಕ್ರಮವೂ ನಮ್ಮದೇ. ಇದೆಲ್ಲ ದೊಡ್ಡ ಕೆಲಸ, ಸಾವಿರಾರು ಕುಟುಂಬಗಳಿಗೆ ಬಸ್ ಚಾರ್ಜ್ ಉಳಿಸಿದೆ. ಆದರೆ ಆ ಮಂಗಳವಾರದ ಸಾಲಿನಲ್ಲಿ ದೊಡ್ಡವರೂ ಮಕ್ಕಳೂ ಒಟ್ಟಿಗೆ ನಿಲ್ಲುತ್ತಾರೆ, ಮಕ್ಕಳ ಮನೋವೈದ್ಯರು ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇದ್ದಾರೆ, ಮತ್ತು ಒಂದು ಮಗುವಿನ ಜೊತೆ ಮಾತಾಡಲು ದೊಡ್ಡವರಿಗಿಂತ ಜಾಸ್ತಿ ಹೊತ್ತು ಬೇಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಕ್ಕಳಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇದೆ. 100 ಮಕ್ಕಳಿರುವ ಹೈಸ್ಕೂಲಿನಲ್ಲಿ ಏಳು ಜನ ಅಂತ ಇಟ್ಟುಕೊಳ್ಳಿ.

ಮನೆಯೊಳಗಿನ ಮಾತುಗಳನ್ನು ನಾನು ಜಾಸ್ತಿ ಎಳೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವವೇ. "ಚಟ ಆಗುತ್ತೆ." "ಹೀಟ್ ಜಾಸ್ತಿ." "ಅವರಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ." ಹೆಣ್ಣುಮಗುವಾದರೆ, "ನಾಳೆ ಮದುವೆ ಹೊತ್ತಿಗೆ ಯಾರಿಗಾದ್ರೂ ಗೊತ್ತಾದ್ರೆ?" ಈ ಮಾತು ಆಡುವವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಭಯಕ್ಕೆ ಕೂತು ಉತ್ತರ ಹೇಳುವವರು ಸಿಕ್ಕಿಲ್ಲ.

ಈಗ ತೃಪ್ತಿಯ ವಿಷಯಕ್ಕೆ ವಾಪಸ್ ಬರುತ್ತೇನೆ. ನಾನು ಯಾಕೆ ಎಲ್ಲದಕ್ಕೂ ಪೂರ್ತಿ ಅಂಕ ಕೊಟ್ಟೆ? ಮೂರು ಗಂಟೆ ಕಾದು, ಕೊನೆಗೆ ಒಬ್ಬರು ನನ್ನ ಮಗನನ್ನು "ತರಲೆ" ಅನ್ನದೆ ಮಾತಾಡಿಸಿದರಲ್ಲ, ಅದರ ಋಣ ನನಗೆ. ಹಾಗಿರುವಾಗ ಕೈ ತಾನಾಗಿಯೇ ಒಳ್ಳೆಯದಕ್ಕೇ ಟಿಕ್ ಹಾಕುತ್ತದೆ. ಫಾರ್ಮ್ ತುಂಬಿಸಿಕೊಳ್ಳುವವರೂ ಅದೇ ಆಸ್ಪತ್ರೆಯ ಸಿಬ್ಬಂದಿ. ಮುಂದಿನ ತಿಂಗಳು ಮತ್ತೆ ಅವರ ಮುಂದೆಯೇ ನಿಲ್ಲಬೇಕು. ಕೃತಜ್ಞತೆ ಮತ್ತು ತೃಪ್ತಿ ಒಂದೇ ಅಲ್ಲ, ಆದರೆ ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಒಂದು ಆಸ್ಪತ್ರೆಯಲ್ಲಿ ಪೋಷಕರ ತೃಪ್ತಿ ತುಂಬಾ ಜಾಸ್ತಿ ಇದೆ ಅನ್ನುವ ಸುದ್ದಿ ಓದಿದಾಗ, ಮಕ್ಕಳನ್ನು ಕೇಳಿದ್ರಾ ಅಂತ ನನಗೆ ಮೊದಲು ಅನಿಸುತ್ತದೆ.

ಎಂಟಿಎ ಅಧ್ಯಯನದಲ್ಲೇ ಇನ್ನೊಂದು ವಿಷಯ ಇತ್ತು. ಎಡಿಎಚ್‌ಡಿಯ ಮುಖ್ಯ ಲಕ್ಷಣಗಳನ್ನು ಇಳಿಸುವುದರಲ್ಲಿ, ಜಾಗ್ರತೆಯಿಂದ ಹೊಂದಿಸಿಕೊಟ್ಟ ಮಾತ್ರೆ ಬರೀ ವರ್ತನೆಯ ತರಬೇತಿಗಿಂತ ಮುಂದಿತ್ತು. ಆದರೆ ಅಪ್ಪ ಅಮ್ಮಂದಿರು ಜಾಸ್ತಿ ತೃಪ್ತರಾಗಿದ್ದು, ಮನೆಯಲ್ಲಿ ಮಗುವನ್ನು ಹೇಗೆ ನಿಭಾಯಿಸಬೇಕು ಅಂತ ಕಲಿಸಿಕೊಟ್ಟ ಗುಂಪುಗಳಲ್ಲಿ, ಮಾತ್ರೆ ಇರಲಿ ಇಲ್ಲದಿರಲಿ. ಎರಡನ್ನೂ ಸೇರಿಸಿ ಕೊಟ್ಟ ಮಕ್ಕಳಿಗೆ ಬೇಕಾದ ಮಾತ್ರೆಯ ಡೋಸ್ ಕೂಡ ಸ್ವಲ್ಪ ಕಡಿಮೆಯೇ ಆಯಿತು. ನನ್ನ ಮಟ್ಟಿಗೆ ಇದರ ಅರ್ಥ ಸರಳ. ಚೀಟಿ ಕೈಗಿಟ್ಟು ಕಳಿಸಿದರೆ ನಮಗೆ ಸಮಾಧಾನ ಆಗುವುದಿಲ್ಲ, ಮಾತ್ರೆ ಕೆಲಸ ಮಾಡುತ್ತಿದ್ದರೂ ಆಗುವುದಿಲ್ಲ. ರಾತ್ರಿ ಹೋಂವರ್ಕ್ ಹೊತ್ತಿಗೆ ಮನೆ ರಣರಂಗ ಆದಾಗ ಏನು ಮಾಡಬೇಕು ಅಂತ ಯಾರಾದರೂ ಹೇಳಿಕೊಡಬೇಕು. ಅದನ್ನು ಹೇಳಿಕೊಡುವವರ ಮಾತ್ರೆಯನ್ನೂ ನಾವು ನಂಬುತ್ತೇವೆ.

ಪ್ರಶ್ನೆ ಕೇಳುವ ರೀತಿಯೂ ಬದಲಾಗಬೇಕು. "ಮಾತ್ರೆ ಕೊಡ್ತಿದ್ದೀರಾ?" ಅಂದರೆ ಯಾವ ತಾಯಿಯೂ ಇಲ್ಲ ಅನ್ನುವುದಿಲ್ಲ. "ಎಲ್ಲರ ಮನೆಯಲ್ಲೂ ಆಗಾಗ ತಪ್ಪುತ್ತೆ, ನಿಮ್ಮಲ್ಲಿ ಈ ವಾರ ಎಷ್ಟು ಸಲ ತಪ್ಪಿತು?" ಅಂದರೆ ಎರಡೋ ಮೂರೋ ಅಂತ ನಿಜ ಬರುತ್ತದೆ. ಮಗುವನ್ನು ಐದು ನಿಮಿಷ ಒಂಟಿಯಾಗಿ ಕೂರಿಸಿಕೊಂಡು ಮಾತಾಡಿಸಬೇಕು. ಹತ್ತು ದಾಟಿದ ಮಗುವಿಗೆ ತನ್ನ ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಅದು ಏನು ಮಾಡುತ್ತದೆ ಅನ್ನುವುದು ಗೊತ್ತಿರಬೇಕು. "ಇದು ಬುದ್ಧಿ ಮಾತ್ರೆ", "ಶಕ್ತಿ ಮಾತ್ರೆ" ಅಂತ ಸುಳ್ಳು ಹೇಳಿ ಕೊಡುವ ಮನೆಗಳಲ್ಲಿ ಮಗುವಿಗೆ ಮೊಬೈಲ್ ಸಿಕ್ಕ ದಿನ ಅದು ಸ್ಟ್ರಿಪ್ ಮೇಲಿನ ಹೆಸರು ಹುಡುಕುತ್ತದೆ. ಆಮೇಲೆ ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಎರಡು ಭೇಟಿಗಳ ನಡುವೆ ಅನುಮಾನ ಬಂದರೆ 14416ಕ್ಕೆ ಫೋನ್ ಮಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ನಿಲ್ಲಿಸುವ ಮೊದಲು ಒಂದು ಫೋನ್ ಮಾಡಿ ಅಂತ ನಾನು ಸಿಕ್ಕಿದ ಎಲ್ಲ ಅಮ್ಮಂದಿರಿಗೂ ಹೇಳುತ್ತೇನೆ.

ಆ ಭಾನುವಾರ ಪೊಟ್ಟಣ ಕೈಯಲ್ಲಿ ಹಿಡಿದು ಮಗನನ್ನು ಕರೆದೆ. ಮೊದಲು ಕಿರುಚಿದೆ, ನಿಜ ಹೇಳುತ್ತೇನೆ. ಅವನು ಅಳಲಿಲ್ಲ, ತಲೆ ತಗ್ಗಿಸಿ ನಿಂತ. ನಾನು ಸುಮ್ಮನಾದ ಮೇಲೆ ಹೇಳಿದ. ಮಾತ್ರೆ ನುಂಗಲು ನಲ್ಲಿ ಹತ್ತಿರ ಹೋಗಬೇಕು, ಅಲ್ಲಿ ಹುಡುಗರು "ಏನೋ ಅದು" ಅಂತ ಕಿತ್ತುಕೊಳ್ಳುತ್ತಾರೆ. ಮತ್ತೆ, "ಅದು ತಗೊಂಡ ಮೇಲೆ ಕ್ಲಾಸಲ್ಲಿ ಎಲ್ಲರೂ ನಕ್ಕಾಗ ನಂಗೆ ನಗು ಲೇಟಾಗಿ ಬರುತ್ತೆ ಅಮ್ಮ." ನಾಲ್ಕು ವರ್ಷದಲ್ಲಿ ಈ ಮಾತು ಯಾವ ಫಾರ್ಮಿನಲ್ಲೂ ಬಂದಿರಲಿಲ್ಲ. ಹಾಗಾದರೆ ಎಸೆಯಬಹುದಿತ್ತಲ್ಲ, ಯಾಕೆ ಇಟ್ಟುಕೊಂಡೆ ಅಂದೆ. "ಎಸೆದ್ರೆ ಯುಕೆಜಿ ಮಕ್ಕಳು ಎತ್ತಿಕೊಂಡು ತಿಂದುಬಿಟ್ರೆ?" ಅಂದ.

ಮುಂದಿನ ಸಲ ಆ ಪೊಟ್ಟಣವನ್ನೇ ಆಸ್ಪತ್ರೆಗೆ ತೆಗೆದುಕೊಂಡು ಹೋದೆವು. ಡಾಕ್ಟರು ಬೈಯಲಿಲ್ಲ. ನನ್ನನ್ನು ಹೊರಗೆ ಕೂರಿಸಿ ಅವನ ಜೊತೆ ಮಾತಾಡಿದರು. ಮಧ್ಯಾಹ್ನದ ಅರ್ಧ ತೆಗೆದು, ಬೆಳಿಗ್ಗೆ ಒಂದೇ ಸಲ ಕೊಡುವ ಮಾತ್ರೆಗೆ ಬದಲಾಯಿಸಿ, ಡೋಸ್ ಸ್ವಲ್ಪ ಇಳಿಸಿದರು. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವನೇ ದಿನವೂ ಟಿಕ್ ಹಾಕುತ್ತಾನೆ. ಹೋದ ತಿಂಗಳು ಮೂರು ಮನೆ ಖಾಲಿ ಇದ್ದವು. ಯಾಕೆ ಅಂತ ಡಾಕ್ಟರು ಕೇಳಿದಾಗ ನಾನು ಬಾಯಿ ತೆಗೆಯುವ ಮೊದಲೇ ಅವನು ಹೇಳಿದ: ಎರಡು ದಿನ ಮಾತ್ರೆ ಖಾಲಿಯಾಗಿತ್ತು, ಬೆಂಗಳೂರಿಂದ ಬಂದಿರಲಿಲ್ಲ. ಇನ್ನೊಂದು ದಿನ ಅತ್ತೆ ಮಗಳ ಮದುವೆ, ಊಟ ಚೆನ್ನಾಗಿ ಮಾಡಬೇಕಿತ್ತು.